ಸೈಕಾಲಜಿ ಓದುವವಳಿಗೇ ಹೀಗಾದರೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ನಾಲ್ಕೂ ಬೆಂಗಳೂರಿನವು. ನಾಲ್ಕೂ ಸೈಕಾಲಜಿ ಓದುವ ಮಕ್ಕಳ ಸಂಕಟದ ಬಗ್ಗೆ. ಹಾಗಾಗಿ ಈ ವಾರದ ಜಾಗವನ್ನೆಲ್ಲ ಇವಕ್ಕೇ ಕೊಟ್ಟಿದ್ದೇನೆ. ಬೇರೆ ವಿಷಯ ಕೇಳಿದವರು ದಯವಿಟ್ಟು ಮುಂದಿನ ವಾರದವರೆಗೆ ಕಾಯಿರಿ.

ಪ್ರಶ್ನೆ: ನಾನು ಎಂ.ಎಸ್ಸಿ. ಸೈಕಾಲಜಿ ಮೂರನೇ ಸೆಮಿಸ್ಟರ್‌ನಲ್ಲಿದ್ದೇನೆ. ಊರು ಅರಸೀಕೆರೆ ಕಡೆ. ಇಲ್ಲಿ ಪಿ.ಜಿ.ಯಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಇಂಟರ್ನ್‌ಶಿಪ್‌ಗೆ ಕುಡಿತ ಬಿಡಿಸುವ ಒಂದು ಕೇಂದ್ರಕ್ಕೆ ಹೋದೆ. ಮೊದಲ ಕೇಸ್ ಹಿಸ್ಟರಿ ಐವತ್ತು ದಾಟಿದ ಒಬ್ಬರದ್ದು. ಅವರ ಮಗಳು ಬಾಗಿಲ ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದಳು. ಚೀಲದಲ್ಲಿ ಒಂದು ಟವೆಲ್, ನಾಲ್ಕು ಬಾಳೆಹಣ್ಣು. ನನ್ನ ಅಪ್ಪನೂ ಕುಡಿಯುತ್ತಾರೆ. ಕ್ಲಾಸಿನಲ್ಲಿ ಇದು ಯಾರಿಗೂ ಗೊತ್ತಿಲ್ಲ. ಆವತ್ತಿನಿಂದ ನನಗೆ ಇನ್ಸೋಮ್ನಿಯಾ (ನಿದ್ದೆ ಬಾರದಿರುವುದು), ಅನ್‌ಹೆಡೋನಿಯಾ (ಯಾವುದರಲ್ಲೂ ಖುಷಿ ಕಾಣದಿರುವುದು) ಎರಡೂ ಇವೆ. ಮೆಟ್ರೊದಲ್ಲಿ ವಾಪಸ್ ಬರುವಾಗ ವಿಜಯನಗರ ಬರುವಷ್ಟರಲ್ಲಿ ಅಳು ಬರುತ್ತದೆ. ಚಿಕ್ಕವಳಿದ್ದಾಗ ರಾತ್ರಿ ಚಿಲಕದ ಸದ್ದಾದರೆ ಹೊಟ್ಟೆ ಕಿವುಚುತ್ತಿತ್ತು. ಈಗ ಪಿ.ಜಿ.ಯ ಬಾಗಿಲು ಸದ್ದಾದರೂ ಹಾಗೇ ಆಗುತ್ತದೆ. ನಾನೇ ಪಿ.ಎಚ್.ಕ್ಯೂ.-9 ಹಾಕಿ ನೋಡಿದೆ. 17 ಬಂತು. ಒಂಬತ್ತನೇ ಪ್ರಶ್ನೆಗೆ ಸೊನ್ನೆ ಹಾಕಲು ಆಗಲಿಲ್ಲ. ಇದೇನು ಅಂತ ನನಗೆ ಗೊತ್ತು. ಲಕ್ಷಣ, ಥಿಯರಿ, ಟ್ರೀಟ್‌ಮೆಂಟ್ ಎಲ್ಲ ಗೊತ್ತು. ಆದರೂ ಬೆಳಗ್ಗೆ ಏಳಲು ಆಗುತ್ತಿಲ್ಲ. 'ಸೈಕಾಲಜಿ ಓದುವವಳಿಗೇ ಹೀಗಾದರೆ ನಮ್ಮ ಗತಿ ಏನು' ಅಂತ ರೂಮ್‌ಮೇಟ್ ಕೇಳಿದಳು. ನಾನು ಕೋರ್ಸ್ ಬಿಡಬೇಕಾ? ಡಾಕ್ಟರ್ ಹತ್ತಿರ ಹೋದರೆ ದಾಖಲೆಯಲ್ಲಿ ಉಳಿದು ಮುಂದೆ ಓದಿಗೆ, ಕೆಲಸಕ್ಕೆ ತೊಂದರೆ ಆಗುತ್ತಾ?
– ಹೆಸರು ಬೇಡ, ನಾಗರಬಾವಿ

ಉತ್ತರ: ಮೊದಲು ಆ ಒಂಬತ್ತನೇ ಪ್ರಶ್ನೆಯ ಮಾತು. ಬೇರೆ ಓದುಗರಿಗಾಗಿ ಹೇಳುತ್ತೇನೆ. ಪಿ.ಎಚ್.ಕ್ಯೂ.-9 ಅಂದರೆ ಕಳೆದ ಎರಡು ವಾರ ಹೇಗಿದ್ದಿರಿ ಎಂದು ಕೇಳುವ ಒಂಬತ್ತು ಪ್ರಶ್ನೆಗಳ ಹಾಳೆ. ಒಟ್ಟು ಅಂಕ 27. 15ರಿಂದ 19ರ ನಡುವೆ ಬಂದರೆ ಖಿನ್ನತೆ ಸಾಕಷ್ಟು ಜೋರಾಗಿರಬಹುದು ಎಂಬ ಸೂಚನೆ. ಕೊನೆಯ ಪ್ರಶ್ನೆ, ಬದುಕೇ ಬೇಡ ಅನ್ನಿಸಿತ್ತಾ, ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತಾ ಎಂಬುದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಬಿದ್ದರೂ ಯಾರಾದರೂ ಎದುರು ಕೂತು ಮಾತಾಡಲೇಬೇಕು. ಪತ್ರಿಕೆ ಅಚ್ಚಾಗುವ ತನಕ ಕಾಯುವ ವಿಷಯ ಅದಲ್ಲ. ಅದಕ್ಕೇ ನಿಮ್ಮ ಪತ್ರ ಓದಿದ ರಾತ್ರಿಯೇ ನಿಮಗೆ ಬರೆದೆ. ನೀವು 14416ಕ್ಕೆ ಫೋನ್ ಮಾಡಿದಿರಿ. ಬೆಳಗ್ಗೆ ಅದೇ ರೂಮ್‌ಮೇಟ್‌ಗೆ ಎಲ್ಲ ಹೇಳಿದಿರಿ. ಅವಳು ಆವತ್ತು ಕೆಲಸಕ್ಕೆ ರಜ ಹಾಕಿ ನಿಮ್ಮ ಜೊತೆ ಕೂತಳು. 'ನನ್ನಂಥವರು ಕ್ಲಾಸಿನಲ್ಲಿ ಇನ್ನೂ ಇದ್ದಾರೆ, ಪತ್ರ ಹಾಕಿ ಮೇಡಂ' ಅಂತ ನೀವೇ ಬರೆದಿರಿ. ಆ ಧೈರ್ಯಕ್ಕೆ ನನ್ನ ನಮಸ್ಕಾರ.

14416 ಟೆಲಿ ಮಾನಸ್‌ನ ನಂಬರು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಹೊಸೂರು ರಸ್ತೆಯ ನಮ್ಮ ನಿಮ್ಹಾನ್ಸೇ ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಎಲ್ಲರೂ ಫೋನಿನಲ್ಲಿ ಇಟ್ಟುಕೊಳ್ಳಿ.

ಈಗ ನೀವು ಬರೆದ ಒಂದು ಸಾಲು. 'ಎಲ್ಲ ಗೊತ್ತು, ಆದರೂ ಏಳಲು ಆಗುತ್ತಿಲ್ಲ.' ಇದನ್ನು ಓದಿ ಪತ್ರ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಯಾಕೆಂದರೆ ಇದು ನನ್ನ ಸಾಲೂ ಹೌದು.

1991ರಲ್ಲಿ ನಾನು ಇದೇ ಊರಿನಲ್ಲಿ ಸೈಕಾಲಜಿ ಎಂ.ಎ. ಓದುತ್ತಿದ್ದೆ. ಕಿಡ್ನಿ ಕೈಕೊಟ್ಟು ಅಮ್ಮ ಹೋದರು. ಹೋಗಿ ಹತ್ತೊಂಬತ್ತನೇ ದಿನಕ್ಕೆ ಪರೀಕ್ಷೆ. ಶೋಕಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸದ ಬಗ್ಗೆ ಫ್ರಾಯ್ಡ್ 1917ರಲ್ಲಿ ಬರೆದದ್ದರ ಮೇಲೆ ಒಂದು ಪ್ರಶ್ನೆ ಬಂದಿತ್ತು. ಆರು ಪುಟ ಬರೆದೆ. ಒಳ್ಳೆಯ ಅಂಕವೂ ಬಂತು. ಒಂದು ಹನಿ ಕಣ್ಣೀರು ಬರಲಿಲ್ಲ. ಎರಡು ತಿಂಗಳಾದ ಮೇಲೆ ವೈವಾದಲ್ಲಿ ಯಾರೋ ಸುಮ್ನೆ 'ಮನೇಲಿ ಯಾರ್ಯಾರಿದ್ದೀರಿ' ಅಂತ ಕೇಳಿದರು. ಅಲ್ಲೇ ಒಡೆದುಹೋದೆ. ಅಧ್ಯಾಪಕರೊಬ್ಬರು 'ನೀನೇ ಹೀಗೆ ಅತ್ತರೆ ನಾಳೆ ಪೇಷೆಂಟ್ ಎದುರು ಏನು ಮಾಡ್ತೀಯ' ಅಂದರು. ಅವರು ಕೆಟ್ಟವರಾಗಿರಲಿಲ್ಲ. ಆದರೆ ಆ ಒಂದು ಮಾತು ನನ್ನ ಬಾಯಿಯನ್ನು ಎರಡು ವರ್ಷ ಮುಚ್ಚಿಸಿತು. ಕೊನೆಗೆ ಬಾಯಿ ಬಿಡಿಸಿದ್ದು ಚಿಕ್ಕಮ್ಮ. ಒಂದು ಮಧ್ಯಾಹ್ನ ಬೀನ್ಸ್ ಸೋಸುತ್ತಾ ಕೇಳಿದರು, 'ಅಮ್ಮನ ಸೀರೆಗಳನ್ನ ಏನು ಮಾಡಿದೆ?' ಒಂದನ್ನೂ ಮುಟ್ಟಿರಲಿಲ್ಲ. ಬೀರು ತೆಗೆದೇ ಇರಲಿಲ್ಲ. ಆವತ್ತು ಸಂಜೆಯವರೆಗೆ ಅತ್ತೆ. ಆಮೇಲೆ ಒಬ್ಬ ಹಿರಿಯ ಕೌನ್ಸೆಲರ್ ಹತ್ತಿರ ಎಂಟು ತಿಂಗಳು ಹೋದೆ.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಇನ್ಸೋಮ್ನಿಯಾ, ಅನ್‌ಹೆಡೋನಿಯಾ ಅಂತ ಬರೆದ ಕಡೆ ನೀವು ಕಾಣುವುದಿಲ್ಲ. ಚಿಲಕದ ಸದ್ದಿಗೆ ಹೊಟ್ಟೆ ಕಿವುಚುತ್ತಿತ್ತು ಅಂತ ಬರೆದ ಕಡೆ ಇದ್ದೀರಿ. ಕೇಸ್ ಹಿಸ್ಟರಿ ತೆಗೆಯುವಾಗ ಕಲಿಸುವ ಮೊದಲ ಪಾಠ ಏನು? ರೋಗಿಯ ದೂರನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಪುಸ್ತಕದ ಪದ ಹಾಕಬೇಡಿ ಅಂತ, ಅಲ್ವಾ? ಆ ಕೇಂದ್ರದಲ್ಲಿ ನೀವು ಆ ಹಿರಿಯರಿಗೆ ಆ ಮರ್ಯಾದೆ ಕೊಟ್ಟಿರುತ್ತೀರಿ. ನಿಮಗೂ ಕೊಟ್ಟುಕೊಳ್ಳಿ. ಸಂಕಟ, ತಳಮಳ, ಎದೆಭಾರ, ಯಾವುದು ನಿಜವೋ ಅದನ್ನೇ ಹೇಳಿ. ನಿಮ್ಮನ್ನು ನೋಡುವ ಡಾಕ್ಟರ್ ಎದುರು ದಯವಿಟ್ಟು 'ನನಗೆ ಇಂಥ ಡಿಸಾರ್ಡರ್ ಇದೆ' ಅಂತ ಶುರು ಮಾಡಬೇಡಿ. ಚಿಲಕದಿಂದ ಶುರು ಮಾಡಿ. ಹೆಸರಿಡುವ ಕೆಲಸ ಅವರದ್ದು. ನಿಮ್ಮ ಪಾಲಿಗೆ ಈಗ ಆ ಕೆಲಸ ಬೇಡ.

ಡಾಕ್ಟರ್ ಅಂತ ಯಾಕೆ ಹೇಳಿದೆ ಅಂದರೆ, 17 ಬಂದಾಗ, ಊಟ ನಿದ್ದೆ ಎರಡೂ ಕೆಟ್ಟಾಗ, ಕೌನ್ಸೆಲರ್ ಜೊತೆಗೆ ಒಬ್ಬ ಮನೋವೈದ್ಯರೂ ನೋಡುವುದು ಒಳ್ಳೆಯದು. ಥೈರಾಯ್ಡ್, ರಕ್ತಹೀನತೆ ಇವನ್ನೂ ಒಮ್ಮೆ ಪರೀಕ್ಷೆ ಮಾಡಿಸುತ್ತಾರೆ. ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಅಲ್ಲಿನ ಜನಜಂಗುಳಿ ಭಯವಾದರೆ ಬಿ.ಟಿ.ಎಂ. ಲೇಔಟಿನಲ್ಲಿ ನಿಮ್ಹಾನ್ಸ್‌ನದ್ದೇ ಒಂದು ವೆಲ್‌ಬೀಯಿಂಗ್ ಕೇಂದ್ರ ಇದೆ. ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ. ಕಾಲೇಜಿನ ಕೌನ್ಸೆಲರ್ ಹತ್ತಿರವೂ ಹೋಗಬಹುದು, ಆದರೆ ಒಂದು ಎಚ್ಚರ ಇರಲಿ. ಕೆಲವು ಕಡೆ ಪಾಠ ಮಾಡುವವರೇ ಕೌನ್ಸೆಲರ್ ಆಗಿರುತ್ತಾರೆ. ನಿಮಗೆ ಇಂಟರ್ನಲ್ಸ್ ಅಂಕ ಹಾಕುವವರ ಎದುರು ಮನಸ್ಸು ಬಿಚ್ಚುವುದು ಕಷ್ಟ. ಅದು ಅವರಿಗೂ ಕಷ್ಟ. ಹಾಗಿದ್ದರೆ ಹೊರಗಿನವರನ್ನು ಹುಡುಕಿ.

ದಾಖಲೆಯ ಭಯದ ಬಗ್ಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂಬುದು ಅದರ 23ನೇ ಸೆಕ್ಷನ್ ಕೊಟ್ಟ ಹಕ್ಕು. ಯಾರದ್ದಾದರೂ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಇಂಥ ಕೆಲವೇ ಸಂದರ್ಭ ಬಿಟ್ಟರೆ ಹೊರಗೆ ಹೇಳುವಂತಿಲ್ಲ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಈಗಲೂ ಕಾಯಿಲೆಯವರು ಅನ್ನುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಮಾರ್ಕ್ಸ್ ಕಾರ್ಡಿಗೂ ಆಸ್ಪತ್ರೆಯ ಚೀಟಿಗೂ ಸಂಬಂಧ ಇಲ್ಲ.

ಕೋರ್ಸ್ ಬಿಡುವ ತೀರ್ಮಾನ ಈಗ ಮಾಡಬೇಡಿ. ನಿದ್ದೆ ಇಲ್ಲದ ತಲೆ ಎಲ್ಲದಕ್ಕೂ 'ಬಿಟ್ಟುಬಿಡು' ಅಂತಲೇ ಹೇಳುತ್ತದೆ. ಡಿ.ಬಿ.ಟಿ. (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಬಗ್ಗೆ ನೀವು ಓದಿರುತ್ತೀರಿ. ಬದುಕು ಬೇಡ ಅನ್ನುವ ಸ್ಥಿತಿಗೆ ಬಂದವರಿಗೆಂದೇ ಆ ಚಿಕಿತ್ಸೆಯನ್ನು ಕಟ್ಟಿದವರು ಮಾರ್ಷಾ ಲೀನಹನ್. ಹದಿನೇಳನೇ ವಯಸ್ಸಿನಲ್ಲಿ ಅವರೇ ಮಾನಸಿಕ ಆಸ್ಪತ್ರೆ ಸೇರಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಅದನ್ನು ಜಗತ್ತಿನ ಎದುರು ಹೇಳಿದ್ದು 2011ರಲ್ಲಿ, ತುಂಬಾ ದೊಡ್ಡ ಹೆಸರು ಮಾಡಿದ ಮೇಲೆ. ನಿಮ್ಮ ಪಠ್ಯದಲ್ಲಿ ಅವರ ಚಿಕಿತ್ಸೆ ಇರುತ್ತದೆ, ಆ ಆಸ್ಪತ್ರೆಯ ದಿನಗಳು ಇರುವುದಿಲ್ಲ. ಇರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇಂಟರ್ನ್‌ಶಿಪ್ ಸೂಪರ್‌ವೈಸರ್‌ಗೆ ಒಂದೇ ಮಾತು ಹೇಳಿ: 'ಈ ಕೇಸ್ ನಮ್ಮ ಮನೆಗೆ ತುಂಬಾ ಹತ್ತಿರ, ಸದ್ಯಕ್ಕೆ ಬೇರೆ ಕೊಡಿ.' ವಿವರ ಹೇಳಬೇಕಿಲ್ಲ. ಬೇರೆಯವರ ನೋವು ಕೇಳಿ ಕೇಳಿ ಕೇಳುವವರಿಗೂ ತಾಗುವುದು ಉಂಟು, ಅದರ ಬಗ್ಗೆ ನಿಮಗೆ ಪಾಠವೂ ಆಗಿರುತ್ತದೆ. ಆದರೆ ನಿಮ್ಮ ವಿಷಯದಲ್ಲಿ ನಡೆದದ್ದು ಅಷ್ಟೇ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಬೆಂಚಿನ ಮೇಲೆ ಚೀಲ ಹಿಡಿದು ಕೂತ ಆ ಹುಡುಗಿಯನ್ನು ಯಾರೂ ಒಳಗೆ ಕರೆಯಲಿಲ್ಲ, ಅವಳ ಹಿಸ್ಟರಿ ಯಾರೂ ಕೇಳಲಿಲ್ಲ. ನಿಮ್ಮ ನಿದ್ದೆ ಕೆಡಿಸಿದ್ದು ಅದು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪುಗಳಿವೆ, ಬೆಂಗಳೂರಿನಲ್ಲೂ ಸೇರುತ್ತವೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಮಾತಾಡಲೇಬೇಕು ಅಂತಿಲ್ಲ. ಮತ್ತೆ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ಬಿ.ಎ. ಎರಡನೇ ವರ್ಷ. ಅಬ್‌ನಾರ್ಮಲ್ ಸೈಕಾಲಜಿ ಶುರುವಾದ ಮೇಲೆ ಪ್ರತಿ ಪಾಠವೂ ನನ್ನ ಬಗ್ಗೆಯೇ ಇದೆ ಅನ್ನಿಸುತ್ತದೆ. ಸೋಮವಾರ ಓ.ಸಿ.ಡಿ., ಗುರುವಾರ ಬೈಪೋಲಾರ್. ರೀಲ್ಸ್ ನೋಡಿ ಎ.ಡಿ.ಎಚ್.ಡಿ.ಯೂ ಇದೆ ಅನ್ನಿಸಿದೆ. ಮೊನ್ನೆ ಜಗಳದಲ್ಲಿ ಅಮ್ಮನಿಗೆ 'ನಿನಗೆ ಪರ್ಸನಾಲಿಟಿ ಡಿಸಾರ್ಡರ್ ಇದೆ' ಅಂದುಬಿಟ್ಟೆ. ಅಮ್ಮ ಮಾತು ಬಿಟ್ಟಿದ್ದಾರೆ.
– ರಾಜಾಜಿನಗರ

ಉತ್ತರ: ಹೃದಯದ ಪಾಠ ನಡೆಯುವಾಗ ಮೆಡಿಕಲ್ ಮಕ್ಕಳಿಗೆ ಎದೆನೋವು ಬರುವುದು ಹಳೆಯ ಕಥೆ. ನಮ್ಮ ವಿಷಯದಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ದುಃಖ, ಭಯ, ಅನುಮಾನ ಯಾರಿಗಿಲ್ಲ? ಲಕ್ಷಣಗಳ ಪಟ್ಟಿ ಓದಿ ನಿಲ್ಲಿಸಬೇಡಿ, ಅದರ ಕೆಳಗೆ ಬರುವ ಸಾಲುಗಳನ್ನೂ ಓದಿ. ಗ್ಯಾಸ್ ಆರಿಸಿದೆನಾ ಅಂತ ಎರಡು ಸಲ ನೋಡಿದರೆ ಓ.ಸಿ.ಡಿ. ಆಗುವುದಿಲ್ಲ. ಬೇಡವೆಂದರೂ ಬರುವ ಅಂಥ ಯೋಚನೆ, ಮತ್ತೆ ಮತ್ತೆ ಮಾಡುವ ಅಂಥ ಕೆಲಸಗಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತವಾ, ಇಲ್ಲವೇ ಬದುಕಿಗೆ ಅಡ್ಡ ಬರುತ್ತವಾ ಅಂತ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿ ಡಿ.ಎಸ್.ಎಂ.-5 ಕೇಳುತ್ತದೆ. ಬೈಪೋಲಾರ್‌ನಲ್ಲಿ ಬರುವ ಮೇನಿಯಾ, ಅಂದರೆ ಮಿತಿಮೀರಿದ ಉತ್ಸಾಹದ ಸ್ಥಿತಿ, ಅನ್ನಲು ಸಾಮಾನ್ಯವಾಗಿ ಒಂದು ವಾರವಾದರೂ ಆ ಸ್ಥಿತಿ ಇರಬೇಕು. ಬೆಳಗ್ಗೆ ಖುಷಿ, ಸಂಜೆ ಬೇಜಾರು ಆದರೆ ಅದಲ್ಲ. ಗಮನ ನಿಲ್ಲದ, ಸುಮ್ನೆ ಕೂರಲಾಗದ ತೊಂದರೆ ಎ.ಡಿ.ಎಚ್.ಡಿ. ಅದರ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಕಂಡಿರಬೇಕು. ನಿಮ್ಮ ಪ್ರೈಮರಿ ಸ್ಕೂಲ್ ಟೀಚರ್ ಏನನ್ನುತ್ತಿದ್ದರು ನೆನಪಿಸಿಕೊಳ್ಳಿ.

ಹಾಗಂತ ನಿಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಪಾಠ ಬದಲಾದರೂ ಯಾವುದೋ ಒಂದು ಮಾತ್ರ ನಿಮ್ಮನ್ನು ಬಿಡದೆ ಉಳಿದಿದ್ದರೆ, ಅದರಿಂದ ಓದು, ಊಟ, ಗೆಳೆತನ ಕೆಡುತ್ತಿದ್ದರೆ, ಅದನ್ನು ಒಬ್ಬರಿಗೆ ತೋರಿಸಿ.

ಅಮ್ಮನ ಹತ್ತಿರ ಇವತ್ತೇ ಕ್ಷಮೆ ಕೇಳಿ. ಅವರು ಆವತ್ತು ಏನು ಮಾಡಿದ್ದರಿಂದ ನಿಮಗೆ ನೋವಾಯಿತೋ ಅದನ್ನು ಹಾಗೇ ಹೇಳಿ. ಕಾಯಿಲೆಯ ಹೆಸರನ್ನು ಮನುಷ್ಯರ ಮೇಲೆ ಕಲ್ಲಿನ ಹಾಗೆ ಎಸೆಯಬಾರದು. ಇದನ್ನು ಈಗಲೇ ಕಲಿತರೆ ನೀವು ಒಳ್ಳೆಯ ಸೈಕಾಲಜಿಸ್ಟ್ ಆಗುತ್ತೀರಿ.

ಪ್ರಶ್ನೆ: ನನ್ನದು ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ. ಮಗಳು ಹಟ ಮಾಡಿ ಸೈಕಾಲಜಿ ಸೇರಿದಳು. ಒಂದು ವರ್ಷ ಆಯಿತು. ಈಗ ಮಾತು ಕಡಿಮೆ, ರೂಮಿನಲ್ಲೇ ಇರುತ್ತಾಳೆ. ನೆಂಟರು 'ಹುಚ್ಚರ ವಿಷಯ ಓದಿ ಓದಿ ಹಾಗೇ ಆಗ್ತಾರೆ' ಅಂತಾರೆ. ಬಿಡಿಸಿ ಬಿ.ಕಾಂ. ಸೇರಿಸಲೇ?
– ಒಬ್ಬ ತಂದೆ, ಚಾಮರಾಜಪೇಟೆ

ಉತ್ತರ: ಬಿಡಿಸಬೇಡಿ ಸ್ವಾಮಿ. ಓದಿನಿಂದ ಕಾಯಿಲೆ ಅಂಟುವುದಿಲ್ಲ. ಮೊದಲೇ ಒಳಗಿದ್ದ ನೋವು ಓದಿನಿಂದ ಮೇಲೆ ಬಂದಿರಬಹುದು, ಇಲ್ಲವೇ ಓದಿಗೂ ಇದಕ್ಕೂ ಸಂಬಂಧವೇ ಇಲ್ಲದಿರಬಹುದು. ಈ ವಿಷಯ ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಗಿತ್ತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಶುರು ಮಾಡಿ 'ಆಕಾಶವಾಣಿ' ಎಂಬ ಹೆಸರು ಬಳಸಿದ ಎಂ.ವಿ. ಗೋಪಾಲಸ್ವಾಮಿ ಅಲ್ಲಿ ಸೈಕಾಲಜಿ ಪ್ರೊಫೆಸರ್ ಆಗಿದ್ದವರು. ನೆಂಟರಿಗೆ ಇದನ್ನು ಹೇಳಿ. ಇನ್ನೊಂದನ್ನೂ ಹೇಳಿ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಿಮ್ಮ ಮಗಳು ಕಲಿಯಲು ಹೊರಟಿರುವುದು ಆ ಕೆಲಸ.

ಈಗ ಅವಳ ಮಾತು. 'ಯಾಕೆ ಹೀಗಿದ್ದೀಯ' ಅಂತ ಎದುರು ಕೂರಿಸಿ ಕೇಳಬೇಡಿ. ಅದು ವಿಚಾರಣೆಯ ಹಾಗೆ ಆಗುತ್ತದೆ. ಒಂದು ದಿನ ಬೆಳಗಿನ ಜಾವ ಮಾರ್ಕೆಟ್‌ಗೆ ಜೊತೆಗೆ ಕರೆದುಕೊಂಡು ಹೋಗಿ. ಇಲ್ಲವೇ ಸಂಜೆ ಹೂ ಕಟ್ಟುವಾಗ ಪಕ್ಕ ಕೂರಿಸಿಕೊಳ್ಳಿ. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿ ಬಿಚ್ಚುತ್ತದೆ, ನನ್ನ ಚಿಕ್ಕಮ್ಮ ಮಾಡಿದ್ದೂ ಅದೇ. ಅವಳು ಹೇಳಿದ್ದನ್ನು ಪೂರ್ತಿ ಕೇಳಿ. ಮಧ್ಯೆ ಬುದ್ಧಿ ಹೇಳಬೇಡಿ. ತುಂಬಾ ಸೋತ ಹಾಗೆ ಕಂಡರೆ, 'ಬದುಕು ಬೇಡ ಅಂತ ಅನ್ನಿಸ್ತಿದೆಯಾ ಮಗಳೇ' ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅಂತ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರು ಸಿಕ್ಕರಲ್ಲ ಅಂತ ಮನಸ್ಸು ಹಗುರಾಗುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, 14416ಕ್ಕೆ ಆಗಲೇ ಫೋನ್ ಮಾಡಿ. ವಿಕ್ಟೋರಿಯಾ ಆಸ್ಪತ್ರೆ ನಿಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ.

ಪ್ರಶ್ನೆ: ನಾನು ಸೈಕಾಲಜಿ ಉಪನ್ಯಾಸಕಿ. ಪ್ರಾಕ್ಟಿಕಲ್‌ನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಬೆಕ್ ಡಿಪ್ರೆಶನ್ ಇನ್ವೆಂಟರಿ (ಖಿನ್ನತೆ ಅಳೆಯುವ ಪ್ರಶ್ನೆಗಳ ಹಾಳೆ) ಮಾಡುತ್ತಾರೆ. ಈ ಸಲ ಒಬ್ಬ ಹುಡುಗನಿಗೆ ತುಂಬಾ ಹೆಚ್ಚು ಅಂಕ ಬಂತು. ಅವನ ಪಾರ್ಟ್‌ನರ್ ಅದನ್ನು ಬ್ಯಾಚಿನಲ್ಲಿ ಹೇಳಿಬಿಟ್ಟಳು. ಎರಡು ವಾರದಿಂದ ಅವನು ಕ್ಲಾಸಿಗೆ ಬಂದಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮಗೂ ಪತ್ರ ಬಂದ ದಿನವೇ ಬರೆದಿದ್ದೆ. ಅದನ್ನೇ ಇಲ್ಲೂ ಹೇಳುತ್ತೇನೆ, ಬೇರೆ ಅಧ್ಯಾಪಕರೂ ಓದಲಿ. ಅವನಿಗೆ ನೀವೇ ಫೋನ್ ಮಾಡಿ. ಕ್ಲಾಸ್ ಲೀಡರ್ ಕೈಯಲ್ಲಿ ಮಾಡಿಸಬೇಡಿ. ಅಟೆಂಡೆನ್ಸ್ ಮಾತು ಎತ್ತಬೇಡಿ. 'ನಿನ್ನ ಅಂಕ ಹೊರಗೆ ಹೋದದ್ದು ನನ್ನ ತಪ್ಪು, ನೀನು ಹೇಗಿದ್ದೀಯ' ಅಂತ ಕೇಳಿ. ತಪ್ಪು ನಿಮ್ಮದು ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಹುಡುಗಿಗೆ ಗುಟ್ಟು ಕಾಪಾಡುವುದನ್ನು ಕಲಿಸುವ ಮೊದಲೇ ಇನ್ನೊಬ್ಬರ ಗುಟ್ಟನ್ನು ಅವಳ ಕೈಗೆ ಕೊಟ್ಟೆವು. ಅವಳಿಗೂ ಈಗ ನಿಮ್ಮ ಮಾತು ಬೇಕು. ಅವಳೂ ನರಳುತ್ತಿರಬಹುದು.

ಆ ಹಾಳೆಯಲ್ಲಿ 21 ಪ್ರಶ್ನೆಗಳಿವೆ. ಅದರಲ್ಲೂ ಒಂಬತ್ತನೆಯದು ಸಾವಿನ ಯೋಚನೆಯ ಬಗ್ಗೆಯೇ. ಇಪ್ಪತ್ತು ವರ್ಷದ ಹುಡುಗ ಪಕ್ಕದ ಬೆಂಚಿನವಳ ಎದುರು ಅದಕ್ಕೆ ನಿಜವಾದ ಉತ್ತರ ಕೊಟ್ಟ. ಆಮೇಲೆ ನಾವು ಅದನ್ನು ರೆಕಾರ್ಡ್ ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿ ಮುಂದಿನ ಪ್ರಯೋಗಕ್ಕೆ ಹೋದೆವು. ನಾನೂ ಆರು ವರ್ಷ ಪಾಠ ಮಾಡಿದ್ದೇನೆ, ನಾನೂ ಹೀಗೆ ಸಹಿ ಹಾಕಿದ್ದೇನೆ. ಅದನ್ನು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ನೆನಪಿನ ಶಕ್ತಿ, ಗಮನ, ಪ್ರತಿಕ್ರಿಯೆಯ ವೇಗ, ಇಂಥವನ್ನು ಮಕ್ಕಳು ಒಬ್ಬರ ಮೇಲೊಬ್ಬರು ಧಾರಾಳವಾಗಿ ಮಾಡಲಿ. ಧಾರವಾಡದಲ್ಲಿ ಕಾಮತರು ನಮ್ಮ ಮಕ್ಕಳಿಗೆಂದು ಹೊಂದಿಸಿದ ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಯನ್ನು ಕಲಿಯಲಿ. ಖಿನ್ನತೆಯ ಹಾಳೆಗೆ ಮಾತ್ರ ನೀವೇ ಒಂದು ಕಲ್ಪಿತ ವ್ಯಕ್ತಿಯ ಉತ್ತರಗಳನ್ನು ತಯಾರು ಮಾಡಿ ಕೊಡಿ. ಅಂಕ ಎಣಿಸಲು ಅದು ಸಾಕು. ಯಾರಾದರೂ ತಮ್ಮದನ್ನೇ ತುಂಬಿ ನೋಡಿಕೊಂಡರೆ ಆ ಹಾಳೆ ಅವರ ಬಳಿಯೇ ಇರಲಿ, ಅದರ ಕೆಳಗೆ 14416 ಅಚ್ಚಾಗಿರಲಿ. ಲ್ಯಾಬಿನ ಬಾಗಿಲ ಒಳಗೂ ಆ ನಂಬರು ಅಂಟಿಸಿ. ಹೊರಗೆ ಅಂಟಿಸಿದರೆ ಬರೆದುಕೊಳ್ಳುವಾಗ ಯಾರಾದರೂ ನೋಡುತ್ತಾರೆ ಅಂತ ಮಕ್ಕಳು ಹಿಂಜರಿಯುತ್ತಾರೆ.

ಹೊಸ ಬ್ಯಾಚಿನ ಮೊದಲ ಪ್ರಾಕ್ಟಿಕಲ್ ಕ್ಲಾಸಿಗೆ ನನ್ನನ್ನು ಕರೆಯಿರಿ. ಪಾಠ ಮಾಡುವುದಿಲ್ಲ. ವೈವಾದಲ್ಲಿ ಅತ್ತ ಕಥೆಯನ್ನು ಅವರಿಗೆ ಹೇಳಬೇಕು ಅಂತಿದೆ. ಬುಧವಾರ ಮಧ್ಯಾಹ್ನ ನನಗೆ ಬಿಡುವು.